ನೀರಿನ ಸನೇಕ ಹೋಗಂಗಿಲ್ಲ, ಅಡವಿ ಹೊಗಂಗಿಲ್ಲ

ಅಂಜುವ ಮನುಷ್ಯ ಸುಮ್ಮನೆ ಮೂಲೆಯಲ್ಲಿ ಕೂತಿದ್ದರೂ ಸರಿ, ಅಂಜಿಸುವ ಸಂಗತಿಗಳು ವಿಳಾಸ ಕೇಳಿಕೊಂಡು ಅವನ ಮನೆಗೇ ಬರುತ್ತವೆ. ಧೈರ್ಯವಂತರ ಮನೆ ಪಕ್ಕದಲ್ಲೇ ಇದ್ದರೂ ಅಲ್ಲಿಗೆ ಹೋಗುವುದಿಲ್ಲ. ಇದು ನನ್ನ ಅನುಭವ.

ನಾನು ಅಕ್ಕಿ ಗಿರಣಿಯ ಮಿಸ್ತ್ರಿ. ಹುಟ್ಟಿದ್ದು ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿ, ಕೆಲಸ ಕಲಿತದ್ದು ರಾಯಚೂರಿನ ಗಿರಣಿಗಳಲ್ಲಿ. ಒಳಗೆ ಹೋದ ಭತ್ತ ನುಚ್ಚಾಗದೆ ಇಡಿ ಅಕ್ಕಿಯಾಗಿ ಹೊರಗೆ ಬರುವಂತೆ ಯಂತ್ರ ಕೂಡಿಸುವುದು ನನ್ನ ಕಸುಬು. ತಿರುಗುವ ಬೆಲ್ಟಿನ ಪಕ್ಕ ಇಡೀ ದಿನ ನಿಲ್ಲುತ್ತೇನೆ, ಕೂದಲೂ ಅಲುಗುವುದಿಲ್ಲ. ಆದರೆ ಗಿರಣಿಯ ಗೇಟು ದಾಟಿದರೆ ಮುಗಿಯಿತು. ನಾಯಿ, ಲಿಫ್ಟು, ಸೂಜಿ, ಹಲ್ಲಿ, ಗುಡುಗು, ಹೆಂಡತಿ ಮಾತಾಡದೆ ಕೂತ ಹೊತ್ತು, ಯಾವುದಕ್ಕೂ ನಾನು ಅಂಜದೆ ಬಿಟ್ಟವನಲ್ಲ.

ಇಂಥ ನನ್ನನ್ನು ನಮ್ಮ ಸಾಹುಕಾರರು ಒಂದು ದಿನ ಕರೆದರು. ತಾಂಜಾನಿಯಾ ದೇಶದ ಮ್ವಾಂಜಾ ಎಂಬ ಊರಿನ ಗಿರಣಿಯೊಂದರಲ್ಲಿ ಅವರು ಪಾಲು ಹಿಡಿದಿದ್ದರು.

"ಮಿಸ್ತ್ರಿ, ಎರಡು ವರ್ಷ ಅಲ್ಲಿದ್ದು ಗಿರಣಿ ಕೂಡಿಸಿ, ನಡಿಸಿಕೊಟ್ಟು ಬಾ."

"ಅದು ಎಲ್ಲಿ ಬರ್ತದ್ರಿ?"

"ಆಫ್ರಿಕಾದಾಗ."

"ಸಾವ್ಕಾರ್ರೀ, ಸಿಂಧನೂರಿಗಿ ಬೇಕಂದ್ರ ಹೋಗ್ತೀನ್ರಿ."

ಅವರು ನಕ್ಕು ಪಾಸ್‌ಪೋರ್ಟಿನ ಅರ್ಜಿ ಮುಂದಿಟ್ಟರು. ನನಗೊಂದು, ನನ್ನ ಹೆಂಡತಿಗೊಂದು, ಮುಂದೆ ಬೇಕಾದೀತು ಎಂದು. ಇಪ್ಪತ್ತು ವರ್ಷದಲ್ಲಿ ಸಾಹುಕಾರರಿಗೆ ನಾನು ಒಮ್ಮೆಯೂ ಇಲ್ಲ ಎಂದವನಲ್ಲ. ಇಲ್ಲ ಎನ್ನುವುದಕ್ಕೂ ನನಗೆ ಅಂಜಿಕೆ. ಸಹಿ ಹಾಕಿದೆ.

ರಾಯಚೂರು ಸ್ಟೇಷನ್ನು

ಸಾಹುಕಾರರು ಒಪ್ಪಿಸಿದ್ದು ನನ್ನೊಬ್ಬನನ್ನು. ನನ್ನ ಹೆಂಡತಿಯನ್ನು ಒಪ್ಪಿಸುವುದು ಸಾಮಾನ್ಯವಲ್ಲ. ಆಕೆ ದೇವದುರ್ಗ ತಾಲೂಕಿನವಳು. ಗಬ್ಬೂರಿನಲ್ಲಿ ಬಸ್ಸು ಇಳಿದು, ಇನ್ನೊಂದು ಬಸ್ಸು ಹತ್ತಿ, ಅದು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನಡೆದರೆ ಕೃಷ್ಣಾ ಹೊಳೆಯ ದಂಡೆಯ ಮೇಲೆ ಆಕೆಯ ತವರು. ಆಕೆ ಏಳು ವರ್ಷದವಳಿದ್ದಾಗ ಮಾವ ಹೊಳೆಯಲ್ಲಿ ಎತ್ತಿನ ಮೈ ತೊಳೆಯುತ್ತಿದ್ದರು. ಮೊಸಳೆ ಅವರ ಎಡಗಾಲು ಹಿಡಿಯಿತು. ಎತ್ತು ಗಾಬರಿಯಾಗಿ ದಂಡೆಗೆ ಹಾರಿತು, ಹಗ್ಗ ಕೈಗೆ ಸುತ್ತಿಕೊಂಡಿದ್ದ ಮಾವ ಅದರ ಹಿಂದೆಯೇ ಹೊರಗೆ ಬಂದು ಬಿದ್ದರು. ಜೀವ ಉಳಿಯಿತು, ಕಾಲಿನ ಎರಡು ಬೆರಳು ಉಳಿಯಲಿಲ್ಲ. ದಂಡೆಯ ಮೇಲೆ ನಿಂತು ಅದನ್ನೆಲ್ಲ ನೋಡಿದವಳು ನನ್ನ ಹೆಂಡತಿ. ಹಾಗಾಗಿ ಆಕೆಯ ಅಂಜಿಕೆಯನ್ನು ನಾನು ಹಗುರಾಗಿ ನೋಡುವುದಿಲ್ಲ. ನನ್ನದು ಹುಟ್ಟಿನಿಂದ ಬಂದ ಅಂಜಿಕೆ, ಆಕೆಯದು ಕಣ್ಣಾರೆ ಕಂಡದ್ದು.

"ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಬೇಕು," ಎಂದಳು.

ತಲೆಯ ಮೇಲೆ ಕೈ ಇಟ್ಟು ಮಾಡಿದ ಆಣೆ ಮುರಿದರೆ ಕೇಡು ಮುರಿದವನಿಗಲ್ಲ, ಆ ತಲೆಗೆ. ನಮ್ಮ ಕಡೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಮನೆಯಲ್ಲೇ ಮಾಡಿ ಮುಗಿಸುತ್ತೇನೆ ಎಂದರೆ ಆಕೆ ಕೇಳಲಿಲ್ಲ. "ಈಗ ಬ್ಯಾಡ, ಗಾಡಿ ಬಂದಾಗ ಮಾಡೀರಂತ," ಎಂದಳು.

ಸ್ಟೇಷನ್ನಿಗೆ ಬಂದೆವು. ಆಕೆಯ ಒಂದು ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ, ಇನ್ನೊಂದರಲ್ಲಿ ನನ್ನ ಹೊದಿಕೆಯ ಚೀಲ, ತಲೆಯ ಮೇಲೆ ಬಿಳಿ ಅರಿವೆಯಲ್ಲಿ ಕಟ್ಟಿದ ನಲವತ್ತು ಖಡಕ್ ರೊಟ್ಟಿ. ಮುಂಬೈ ಗಾಡಿ ಬಂದು ನಿಂತಿತು. ನನ್ನ ಎದೆ ಗಿರಣಿಯ ಜರಡಿಯ ಹಾಗೆ ಅಲುಗಾಡುತ್ತಿತ್ತು.

"ಮಾಡ್ರಿ," ಎಂದಳು. "ನೀರಿನ ಸನೇಕ ಹೋಗಂಗಿಲ್ಲ, ಅಡವಿ ಹೊಗಂಗಿಲ್ಲ ಅನ್ರಿ."

ಕಣ್ಣಲ್ಲಿ ನೀರು ತುಂಬಿಕೊಂಡು ಕೈ ಎತ್ತಿ ಇಟ್ಟೆ. "ನೀರಿನ ಸನೇಕ ಹೋಗಂಗಿಲ್ಲ, ಅಡವಿ ಹೊಗಂಗಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹಣೆಯ ತುಂಬ ವಿಭೂತಿ, ಮೈಮೇಲೆ ಹೊಸ ಶಾಲು, ಎತ್ತಿದ ಕೈ. ಪಕ್ಕದಲ್ಲಿ ನಿಂತಿದ್ದ ಮುದುಕಿಯೊಬ್ಬಳು ಯಾರೋ ಮಠದ ಸ್ವಾಮಿಗಳೆಂದುಕೊಂಡು ಸೆರಗು ಸರಿಮಾಡಿಕೊಂಡು ಬಂದು, "ಯಪ್ಪಾ, ನನಗೂ ಇಡ್ರಿ, ಮಣಕಾಲು ಭಾಳ ನೋಯಾಕತ್ತಾವ," ಎಂದು ತನ್ನ ತಲೆಯನ್ನೂ ಒಡ್ಡಿದಳು.

ಮೇಲಿನಿಂದ ನೋಡಿದರೂ ನೀರೇ

ವಿಮಾನದಲ್ಲಿ ಕಿಟಕಿಯ ಪಕ್ಕದ ಸೀಟು ಕೊಟ್ಟರು. ಪಕ್ಕದಲ್ಲಿ ದಾರ್ ಎಸ್ ಸಲಾಮಿನಲ್ಲಿ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಕೂತಿದ್ದರು. ಒಂದು ತಾಸು ಕಣ್ಣು ಮುಚ್ಚಿದ್ದು, ಆಮೇಲೆ ಮೆಲ್ಲಗೆ ಒಂದು ಕಣ್ಣು ತೆಗೆದು ನೋಡಿದೆ. ಕೆಳಗೆ ಎಲ್ಲ ನೀಲಿ.

"ಅದೇನು ಅದು?" ಎಂದು ಅವರನ್ನು ಹಿಂದಿಯಲ್ಲಿ ಕೇಳಿದೆ.

"ಸಮುದ್ರ."

"ಎಲ್ಲಿತನಕ ಇರುತ್ತದೆ?"

"ಇಳಿಯುವ ತನಕ."

ಆಣೆ ಮಾಡಿ ಎರಡು ದಿನವೂ ಆಗಿರಲಿಲ್ಲ. ಇಷ್ಟು ಎತ್ತರದಲ್ಲಿ ಹೋಗುವುದು ನೀರಿನ ಸನೇಕ, ಅಂದರೆ ಹತ್ತಿರ, ಹೋದಂತೆ ಆಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ಕೂತೆ. ದೂರ ಏನೋ ಬಹಳ ಇತ್ತು. ಆದರೆ ನಡುವೆ ಹಿಡಿದುಕೊಳ್ಳಲು ಒಂದು ಗಿಡವೂ ಇರಲಿಲ್ಲ. ಈ ವಿಮಾನ ಬಿದ್ದರೆ ನೇರ ನೀರಿಗೇ. ಹಾಗಾದರೆ ಇದು ಸನೇಕವೇ. ಪಾಪ, ಆಕೆಗೆ ಅಲ್ಲಿ ಈಗ ತಲೆ ಸಿಡಿಯುತ್ತಿರಬೇಕು ಎನಿಸಿತು. ವಿಮಾನದವರು ಕೊಟ್ಟ ಊಟ ಹಾಗೇ ಉಳಿಯಿತು.

ದಾರ್ ಎಸ್ ಸಲಾಮ್ ಆ ದೇಶದ ಎಲ್ಲಕ್ಕಿಂತ ದೊಡ್ಡ ಊರು. ತೆಂಗಿನ ಗಿಡ, ಎತ್ತರದ ಕಟ್ಟಡ, ಉಪ್ಪುಗಾಳಿ. ಇವನ್ನೆಲ್ಲ ನಾನು ಆಮೇಲೆ ನೋಡಿದ್ದು. ಮೊದಲು ನೋಡಿದ್ದು ಸಾಮಾನು ತಪಾಸಣೆ ಮಾಡುವ ಹೆಣ್ಣುಮಗಳೊಬ್ಬರನ್ನು. ಅವರು ಗಂಟು ಬಿಚ್ಚಿ ಒಂದು ರೊಟ್ಟಿ ತೆಗೆದು ಮೇಜಿಗೆ ಬಡಿದರು. ಟಣ್ ಎಂದಿತು. ಕಿವಿಗೆ ಹಿಡಿದು ಅಲುಗಾಡಿಸಿದರು.

"ಏನಿದು?"

"ಫುಡ್," ಎಂದೆ.

ಅವರು ನನ್ನ ಮುಖ ನೋಡಿದರು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಅಂಥ ಮುಖ ಕಂಡರೆ ನನಗೇ ಸಂಶಯ ಬರುತ್ತದೆ, ಅವರದೇನು ತಪ್ಪು? ತಿಂದು ತೋರಿಸು ಎಂದು ಸನ್ನೆ ಮಾಡಿದರು. ಅಂಜಿಕೆಗೆ ಬಾಯಿ ಒಣಗಿತ್ತು. ಕಡಿದ ಸದ್ದಿಗೆ ಆಚೆ ಸಾಲಿನವರೂ ತಿರುಗಿ ನೋಡಿದರು, ತುಂಡು ಗಂಟಲಲ್ಲಿ ಇಳಿಯಲಿಲ್ಲ, ಕೆಮ್ಮಿದೆ. ಸಂಶಯ ಇನ್ನೂ ಹೆಚ್ಚಾಯಿತು. ಒಳಗೆ ಏನಾದರೂ ಅಡಗಿಸಿದ್ದಾನೆಯೇ ಎಂದು ಒಂದೊಂದಾಗಿ ಮುರಿಯತೊಡಗಿದರು. ಇಪ್ಪತ್ತು ವರ್ಷ ಒಂದು ಅಕ್ಕಿಕಾಳೂ ನುಚ್ಚಾಗದಂತೆ ಕಾಯ್ದವನು ನಾನು. ನನ್ನ ಕಣ್ಣೆದುರೇ ಹತ್ತು ರೊಟ್ಟಿ ನುಚ್ಚಾದವು.

ಹತ್ತನೆಯದರ ತುಂಡಿಗೆ ಚಟ್ನಿ ಹಚ್ಚಿಕೊಂಡು ಅವರೇ ಬಾಯಿಗೆ ಹಾಕಿಕೊಂಡರು. ಖಾರ ಹತ್ತಿ ಎರಡೂ ಕಣ್ಣಲ್ಲಿ ನೀರು ಬಂತು. ಅದೇ ಕಣ್ಣೀರಿನಲ್ಲಿ "ಕರಿಬು" ಎಂದರು. ನಮ್ಮ ದೇಶಕ್ಕೆ ಬನ್ನಿ ಎಂದು ಅದರ ಅರ್ಥ. ಅಳುತ್ತ ಸ್ವಾಗತ ಮಾಡಿದವರನ್ನು ನಾನು ಜೀವನದಲ್ಲಿ ಅಲ್ಲೇ ಮೊದಲು ನೋಡಿದ್ದು.

ಹೊರಗೆ ಬಂದವನೇ ಮನೆಗೆ ಫೋನ್ ಹಚ್ಚಿದೆ.

"ಆರಾಮ ಇದ್ದೀಯೇನು? ತಲಿಗಿಲಿ ನೋಯಾಕತ್ತದೇನು?"

"ಇಲ್ಲ. ರೊಟ್ಟಿ ಎಷ್ಟು ಉಳದಾವ?"

"ಮೂವತ್ತು."

"ಹೂಂ," ಎಂದಳು. ಗಂಡ ಹೇಗಿದ್ದಾನೆ ಎಂದು ಕೇಳದೆ ರೊಟ್ಟಿ ಕೇಳಿದಳಲ್ಲ ಎಂದು ನನಗೆ ಸ್ವಲ್ಪ ಬೇಸರವೇ ಆಯಿತು.

ಆಡಿಗೆ ನೈವೇದ್ಯ

ಮ್ವಾಂಜಾ ನೋಡಿದಾಗ ಮೊದಲು ಸಂತೋಷವಾಯಿತು. ಊರ ತುಂಬ ಗುಂಡುಗಲ್ಲುಗಳು. ಆನೆ ಗಾತ್ರದ ಕಲ್ಲಿನ ಮೇಲೆ ಇನ್ನೊಂದು ಆನೆ ಗಾತ್ರದ ಕಲ್ಲು, ಅದರ ಪಕ್ಕದಲ್ಲಿ ಮನೆ. ಕಣ್ಣು ಅರ್ಧ ಮುಚ್ಚಿದರೆ ರಾಯಚೂರಿನ ಕೋಟೆ ಗುಡ್ಡವೇ. ಮಾತಿನಲ್ಲೂ ಗುರುತಿನವು ಸಿಕ್ಕವು. ಚಹಾಕ್ಕೆ ಚಾಯ್, ಚಪಾತಿಗೆ ಚಪಾತಿ, ಜಗತ್ತಿಗೆ ದುನಿಯಾ, ಸಾಬೂನಿಗೆ ಸಬೂನಿ. ನಿಜಾಮರ ಕಾಲದಿಂದ ನಮ್ಮ ಬಾಯಲ್ಲಿರುವ ಮಾತುಗಳು ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿದ್ದವು.

ಆದರೆ ಗುಡ್ಡದ ಬುಡದಲ್ಲಿ ವಿಕ್ಟೋರಿಯಾ ಸರೋವರ. ಆಚೆ ದಂಡೆ ಕಾಣುವುದಿಲ್ಲ. ಊರಿನ ಯಾವ ಓಣಿಯಲ್ಲಿ ತಿರುಗಿದರೂ ಕೊನೆಗೆ ನೀರೇ ಎದುರು ಬರುತ್ತದೆ. ಗಿರಣಿಗೆ ಹೋಗುವಾಗ ನಾನು ಗೋಡೆಯ ಕಡೆ ಮುಖ ಮಾಡಿಕೊಂಡು ನಡೆಯುತ್ತಿದ್ದೆ.

ಭತ್ತ ಬರುತ್ತಿದ್ದದ್ದು ಸರೋವರದ ಒಂದು ಕೊಲ್ಲಿಯ ಆಚೆ ದಂಡೆಯಿಂದ. ಅಲ್ಲಿ ನಮ್ಮದೊಂದು ಸಣ್ಣ ಯಂತ್ರ ಕೆಟ್ಟು ನಿಂತಿತು. ಹೋಗಬೇಕೆಂದರೆ ಲಾರಿ, ದನ, ಮಂದಿ ಎಲ್ಲವನ್ನೂ ಹೇರಿಕೊಂಡು ದಾಟಿಸುವ ದೊಡ್ಡ ದೋಣಿಯೇ ಗತಿ. ನನ್ನನ್ನು ಕರೆದೊಯ್ದವನು ಗಿರಣಿಯ ಡ್ರೈವರು. ಅರವತ್ತರ ಹತ್ತಿರದ ಮನುಷ್ಯ. ನಮ್ಮ ದೇಶದವರ ಗಿರಣಿಗಳಲ್ಲೇ ವಯಸ್ಸು ಕಳೆದು ಹಿಂದಿ ಕಲಿತಿದ್ದ.

"ನೀರಲ್ಲಿ ಮೊಸಳೆ ಇವೆಯೇ?" ಎಂದು ಕೇಳಿದೆ.

"ಇವೆ. ಆದರೆ ಅಂಜಬೇಡಿ," ಎಂದ. "ನೀರಾನೆಗಳು ಅವನ್ನು ಹತ್ತಿರ ಬಿಡುವುದಿಲ್ಲ."

ಇದು ಧೈರ್ಯ ಹೇಳಿದ್ದಂತೆ.

ದೋಣಿಯ ನಟ್ಟನಡುವೆ ಕುಳಿತು, ರೊಟ್ಟಿ ಗಂಟು ತೊಡೆಯ ಮೇಲೆ ಇಟ್ಟುಕೊಂಡೆ. ಮನೆಯಲ್ಲಿ ಬಿಟ್ಟರೆ ಇರುವೆ ಮುತ್ತುತ್ತವೆ ಎಂದು ಹೋದಲ್ಲೆಲ್ಲ ಒಯ್ಯುತ್ತಿದ್ದೆ. ಊಟಕ್ಕೆ ನಮ್ಮ ಗಿರಣಿಯ ಅಕ್ಕಿಯೇ ಇತ್ತು, ರೊಟ್ಟಿಗಳನ್ನು ಆಕೆಯ ನೆನಪಿಗೆಂದು ಕೂಡಿಟ್ಟಿದ್ದೆ. ದೋಣಿ ಹೊರಟಿತು. ಗಂಟಿನ ಬಾಯಿ ಸಡಿಲಾಗಿದ್ದು ನೋಡದೆ ಕಣ್ಣು ಮುಚ್ಚಿ, ಕೈ ಮುಗಿದು, ಬಾಯಿಗೆ ಬಂದ ದೇವರನ್ನೆಲ್ಲ ಕರೆದೆ. ಆಕೆಯ ತಲೆ ಕಾಯಪ್ಪಾ, ನನ್ನದು ಹೇಗಾದರೂ ಆಗಲಿ ಎಂದೆ.

ಸ್ವಲ್ಪ ಹೊತ್ತಿಗೆ ಒದ್ದೆಯಾದ ಮುಸುಡಿಯೊಂದು ನನ್ನ ಮೊಣಕೈಗೆ ತಾಗಿತು. ಬಂತು ಎಂದುಕೊಂಡೆ. ಕಣ್ಣು ತೆಗೆಯಲಿಲ್ಲ. ಮೊಸಳೆಯ ಮುಖ ನೋಡಿ ಸಾಯುವುದಕ್ಕಿಂತ ನೋಡದೆ ಸಾಯುವುದು ವಾಸಿ. ಆಮೇಲೆ ತೊಡೆಯ ಹತ್ತಿರವೇ ಕಟಕಟ ಸದ್ದು. ಎಲುಬು ಕಡಿಯುತ್ತಿದೆ ಎಂದುಕೊಂಡೆ. ಆದರೆ ನೋವೇ ಇಲ್ಲ. ಸಾಯುವಾಗ ನೋವು ಗೊತ್ತಾಗುವುದಿಲ್ಲ ಎಂದು ಯಾರೋ ಹೇಳಿದ್ದು ನಿಜವೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಬಹಳ ಹೊತ್ತಾದರೂ ಸಾವು ಬರದೆ ಹೋದಾಗ ಕಣ್ಣು ತೆಗೆದೆ. ಗಡ್ಡದ ಆಡೊಂದು ಹನ್ನೆರಡನೆಯ ರೊಟ್ಟಿಯನ್ನು ಮುಗಿಸುತ್ತಿತ್ತು.

ಡ್ರೈವರನ ಮೇಲೆ ಸಿಟ್ಟು ಬಂತು. "ನೋಡುತ್ತ ಕೂತಿದ್ದೀಯಲ್ಲ, ಓಡಿಸಬಾರದೇ?"

ಅವನು ಬಹಳ ಮರ್ಯಾದೆಯಿಂದ ಹೇಳಿದ: "ನೀವು ಕಣ್ಣು ಮುಚ್ಚಿ, ಕೈ ಮುಗಿದು, ಮಂತ್ರ ಹೇಳುತ್ತ ತಿನ್ನಿಸುತ್ತಿದ್ದಿರಿ. ನಿಮ್ಮ ಪೂಜೆಯನ್ನು ನಾನು ಯಾಕೆ ಕೆಡಿಸಲಿ?"

ಆ ಸಂಜೆಯೂ ಫೋನ್ ಮಾಡಿದೆ. "ತಲಿ ನೋಯಾಕತ್ತದೇನು?"

"ನಿಮ್ಮ ಫೋನ್ ಬಂದ ಮ್ಯಾಲ ನೋಯಾಕತ್ತದ. ದಿನಾ ಅದ ಕೇಳ್ತೀರಲ್ಲ? ರೊಟ್ಟಿ ಎಷ್ಟದಾವ?"

"ಹದಿನೆಂಟು. ಹಸಿವಿ ಭಾಳ ಆಗಿತ್ತು."

"ಹನ್ನೆರಡು ರೊಟ್ಟಿ ತಿನ್ನೂವಷ್ಟು ಹಸಿವಿ?" ಎಂದಳು. ಆಮೇಲೆ ಮತ್ತೆ ಅದೇ "ಹೂಂ".

ಫೋಟೋ

ಗುಂಡುಗಲ್ಲಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಮನೆಗೆ ಕಳಿಸಿದೆ. ರಾಯಚೂರಿನಂಥ ಕಲ್ಲೇ ಇವೆ, ಅಂಜಬೇಡ ಎಂದು ತೋರಿಸುವುದಕ್ಕೆ. ಕಳಿಸಿದ ಮೇಲೆ ನೋಡಿದರೆ ನನ್ನ ಬೆನ್ನ ಹಿಂದೆ ಸರೋವರ ಉದ್ದಕ್ಕೂ ಬಿದ್ದುಕೊಂಡಿದೆ. ಅಳಿಸುವಷ್ಟರಲ್ಲಿ ಫೋನ್ ಬಂತು.

"ನಿಮ್ಮ ಹಿಂದ ಅದೇನು ನೀಲಿ?"

"ಆಕಾಶ."

"ಇಷ್ಟು ಕೆಳಗ?"

"ಇಲ್ಲಿ ಆಕಾಶ ಕೆಳಗೇ ಬರ್ತದ. ಊರು ಎತ್ತರದಾಗ ಅದ ನೋಡು."

ಬೆರಳಿನಿಂದ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದಾಳೆ ಎಂದು ನನಗೆ ಇಲ್ಲಿಂದಲೇ ಗೊತ್ತಾಯಿತು. ಬೆವರಿದೆ.

"ಮತ್ತ ಆಕಾಶದಾಗ ದೋಣಿ ಯಾಕ ಹೊಂಟಾವ್ರಿ?"

ಅದೇ ಹೊತ್ತಿಗೆ, ಬಿಸಿಲಿಗೆ ಕಾಯಲೆಂದು ಕಲ್ಲಿನ ಮೇಲೆ ಹರವಿದ್ದ ರೊಟ್ಟಿಗಳಿಗೆ ಅಲ್ಲಿಯ ಕಾಗೆಗಳು ಬಂದವು. ಕುತ್ತಿಗೆಗೆ ಬಿಳಿ ಪಟ್ಟಿ ಇರುವ, ಕೋಟು ತೊಟ್ಟ ವಕೀಲರ ಹಾಗಿನ ಕಾಗೆಗಳು. ನಾನು ಹೋ ಎನ್ನುವಷ್ಟರಲ್ಲಿ ಎಂಟು ರೊಟ್ಟಿ ಸರೋವರದ ಮೇಲೆ ಹಾರಿಹೋದವು. ಆಕೆ ಅಲ್ಲಿಂದ ಕೇಳಿದಳು: "ಈಗ ಎಷ್ಟು ಉಳದಾವ?"

ಸಾಹುಕಾರರ ಬಾಯಲ್ಲಿ ರೊಟ್ಟಿ

ಮೂರನೆಯ ತಿಂಗಳು ಸಾಹುಕಾರರೇ ಗಿರಣಿ ನೋಡಲು ಬಂದರು. ಗಿರಣಿಯನ್ನು ಅರ್ಧ ತಾಸು ನೋಡಿದರು. ಆಮೇಲೆ, "ಮಿಸ್ತ್ರಿ, ಸೆರೆಂಗೆಟಿ ಇಲ್ಲಿಂದ ಹತ್ರ ಅದಂತಲ್ಲ, ನಡಿ," ಎಂದರು.

ಸೆರೆಂಗೆಟಿ ಎಂದರೆ ಸಿಂಹ, ಚಿರತೆ, ಆನೆಗಳು ಬೇಲಿ ಇಲ್ಲದೆ ತಿರುಗುವ ಜಾಗ. ಅದನ್ನು ನೋಡಲು ದುನಿಯಾದ ಜನ ಬರುತ್ತಾರೆ. ಬರಲಿ. ನಾನು ಯಾಕೆ?

"ಸಾವ್ಕಾರ್ರೀ, ಅಡವಿ ಹೊಗಂಗಿಲ್ಲ ಅಂತ ಹೆಂಡ್ತಿ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡೀನ್ರಿ."

"ಆಗಲಿ, ಅಡವಿ ಬಂದ್ರ ವಾಪಸ್ ಬರೋಣು," ಎಂದರು.

ಸೆರೆಂಗೆಟಿಯ ಬಾಗಿಲು ದಾಟಿದ ಮೇಲೆ ನನ್ನ ಭುಜ ತಟ್ಟಿ, "ನೋಡಲೇ, ಎಲ್ಲಿ ಅದ ಅಡವಿ? ಒಂದು ಗಿಡ ಅದೇನು? ಬರೇ ಹುಲ್ಲು," ಎಂದು ನಕ್ಕರು. ಮಾತು ಸುಳ್ಳಲ್ಲ. ಮಾನ್ವಿ ಕಡೆಯ ಎರೆಹೊಲದ ಹಾಗೆ ಚಪ್ಪಟೆ ನೆಲ, ಮೊಣಕಾಲೆತ್ತರದ ಒಣಹುಲ್ಲು, ಅದರ ತುಂಬ ಸಾವಿರಾರು ಕಾಡುದನ, ನಡುನಡುವೆ ಪಟ್ಟೆಪಟ್ಟೆಯ ಕತ್ತೆಗಳು. ಎಷ್ಟು ಚೆಲುವು ಇತ್ತೆಂದರೆ ನಾನೂ ಎರಡು ನಿಮಿಷ ಅಂಜುವುದನ್ನು ಮರೆತಿದ್ದೆ. ಆಗ ಡ್ರೈವರು ಜೀಪು ನಿಲ್ಲಿಸಿದ.

ರಸ್ತೆಯ ಪಕ್ಕದಲ್ಲೇ, ಇದ್ದ ಒಂದೇ ಗಿಡದ ಕೆಳಗೆ, ಸಿಂಹ. ನಮಗೂ ಅದಕ್ಕೂ ನಡುವೆ ಎತ್ತಿನ ಬಂಡಿಯಷ್ಟು ಜಾಗ. ಕಣ್ಣು ಮುಚ್ಚಿ ಮಲಗಿತ್ತು.

"ಒಂಚೂರೂ ಸದ್ದು ಮಾಡಬೇಡಿ," ಎಂದು ಡ್ರೈವರು ಪಿಸುಗುಟ್ಟಿದ.

ಸಾಹುಕಾರರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತದೆ. ಅವರು ನನ್ನ ಕಿವಿಯಲ್ಲಿ, "ಮಿಸ್ತ್ರಿ, ಕೈ ನಡುಗಾಕತ್ತಾವ, ಏನಾರ ಕೊಡೋ," ಎಂದರು. ನನ್ನ ಕೈಯೂ ನಡುಗುತ್ತಿತ್ತು, ಸಕ್ಕರೆ ಕಾಯಿಲೆ ಇಲ್ಲದೆಯೇ. ಗಂಟಿನಿಂದ ರೊಟ್ಟಿ ತೆಗೆದು ಕೊಟ್ಟೆ. ಅದು ಖಡಕ್ ರೊಟ್ಟಿ ಎನ್ನುವುದು ಇಬ್ಬರಿಗೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಅವರು ಕಡಿದರು.

ಕಟುಂ.

ಆ ಬಯಲಿನಲ್ಲಿ ಬಂದೂಕು ಹಾರಿದ ಹಾಗಾಯಿತು. ಸಿಂಹ ಕಣ್ಣು ತೆಗೆಯಿತು. ತಲೆ ಎತ್ತಿತು. ಎದ್ದು ನಿಂತು ನೇರ ಸಾಹುಕಾರರ ಬಾಯಿಯನ್ನೇ ನೋಡಿತು. ಸಾಹುಕಾರರು ಅರ್ಧ ರೊಟ್ಟಿ ಹೊರಗೆ, ಅರ್ಧ ಒಳಗೆ ಇಟ್ಟುಕೊಂಡು ಕಲ್ಲಾದರು. ಕಡಿಯುವಂತಿಲ್ಲ, ಉಗುಳುವಂತಿಲ್ಲ.

ನಾನು ಸಿಂಹವನ್ನು ನೋಡಲಿಲ್ಲ. ರಾಯಚೂರಿನ ನಮ್ಮ ಅಡಿಗೆಮನೆ ಕಣ್ಣಿಗೆ ಬಂತು. ಆಕೆ ಒಲೆಯ ಮುಂದೆ ಬಗ್ಗಿ ಕೂತಿದ್ದಾಳೆ, ಇಲ್ಲಿ ನಾನು ಮುರಿದ ಆಣೆ ಅಲ್ಲಿ ಆಕೆಯ ತಲೆಯ ಮೇಲೆ ಬೀಳುತ್ತಿದೆ, ಆಕೆಗೆ ಏನೂ ಗೊತ್ತಿಲ್ಲ. ಸಮುದ್ರ, ದೋಣಿ, ಸರೋವರ, ಈಗ ಇದು. ನಾಲ್ಕು ಸಲ ಮುರಿದೆ. ಅಷ್ಟು ಅಂಜಿಕೆ ನನಗೆ ಹಿಂದೆಂದೂ ಆಗಿರಲಿಲ್ಲ, ಮತ್ತು ಅದು ಸಿಂಹದ ಅಂಜಿಕೆಯಲ್ಲ.

ಎಷ್ಟೋ ಹೊತ್ತಿನ ಮೇಲೆ ಸಿಂಹ ಬಾಯಿ ತುಂಬ ಆಕಳಿಸಿ ಮತ್ತೆ ಮಲಗಿತು. ಅಷ್ಟರಲ್ಲಿ ಸಾಹುಕಾರರ ಬಾಯಲ್ಲಿದ್ದ ರೊಟ್ಟಿ ನೆನೆದು ಮೆತ್ತಗಾಗಿ ತಾನೇ ಇಳಿದಿತ್ತು. ಡ್ರೈವರು ಜೀಪನ್ನು ಒಮ್ಮೆಲೇ ಮುಂದಕ್ಕೆ ಓಡಿಸಿದ. ಸಿಂಹ ನೋಡಲು ಎದ್ದು ನಿಂತಿದ್ದ ಸಾಹುಕಾರರು ಹಿಂದಕ್ಕೆ ಬಿದ್ದರು. ಬಿದ್ದದ್ದು ಗಂಟಿನ ಮೇಲೆ. ಉಳಿದ ಒಂಬತ್ತೂ ಮತ್ತೆ ಜೋಳದ ಹಿಟ್ಟಾದವು.

ಊರು ಮುಟ್ಟುವ ತನಕ ಸಾಹುಕಾರರು ಮಾತಾಡಲಿಲ್ಲ. ಜೀಪು ಇಳಿಯುವಾಗ ಮಾತ್ರ ಹೇಳಿದರು: "ನಿನ್ನ ಹೆಂಡ್ತಿಗಿ ಹೇಳು ಮಿಸ್ತ್ರಿ. ಸಿಂಹ ಇದ್ದ ಊರಿಗಿ ಮೆತ್ತನ ರೊಟ್ಟಿ ಕೊಟ್ಟು ಕಳಿಸಬೇಕು."

ಹಣೆಯ ಮೇಲಿನ ಪಟ್ಟಿ

ನಾನು ಹೇಳುವ ಅಗತ್ಯ ಬೀಳಲಿಲ್ಲ. ಸಾಹುಕಾರರು ರಾಯಚೂರಿಗೆ ಹೋದವರೇ ನಮ್ಮ ಮನೆಗೆ ಹೋಗಿ, ಚಹಾ ಕುಡಿದು, ದಾರಿಯುದ್ದಕ್ಕೂ ಫೋನಿನಲ್ಲಿ ತೆಗೆದ ಸಿಂಹ, ಸರೋವರ, ದೋಣಿಯ ಫೋಟೋ ಎಲ್ಲ ತೋರಿಸಿ ಬಂದರು. ಪ್ರತಿಯೊಂದರಲ್ಲೂ ಮೂಲೆಯಲ್ಲಿ ನಾನು, ಕಣ್ಣು ಮುಚ್ಚಿಕೊಂಡು.

ಅಂದು ಫೋನಿನಲ್ಲಿ ಆಕೆ ಜಗಳ ಮಾಡಲಿಲ್ಲ. "ರೊಟ್ಟಿ ಎಷ್ಟದಾವ?" ಎಂದಳು.

"ಒಂದೂ ಇಲ್ಲ," ಎಂದೆ.

"ಹಂಗಾದ್ರ ಇನ್ನ ನಾನ ಬರಬೇಕು," ಎಂದಳು.

ಆಕೆಯ ಕಾಗದಪತ್ರವನ್ನೆಲ್ಲ ಸಾಹುಕಾರರು ಮಾಡಿಸಿಕೊಟ್ಟರು. ಆಕೆ ಬರುವ ತನಕ ನಾನು ಸರಿಯಾಗಿ ಉಣ್ಣಲಿಲ್ಲ. ರೊಟ್ಟಿ ಇಲ್ಲ, ಇನ್ನು ನಾನೇ ಬರಬೇಕು ಎಂದರೆ ಏನರ್ಥ? ಕೇಳುವ ಧೈರ್ಯ ಇರಲಿಲ್ಲ.

ಮ್ವಾಂಜಾದ ವಿಮಾನ ನಿಲ್ದಾಣದಲ್ಲಿ ಬೆಳಿಗ್ಗೆಯೇ ಹೋಗಿ ನಿಂತೆ. ಡ್ರೈವರೂ ಜೊತೆಗಿದ್ದ. ಬಾಗಿಲಿನಿಂದ ಆಕೆ ಬಂದಳು. ಎರಡು ಕೈಯಲ್ಲಿ ಎರಡು ಚೀಲ, ತಲೆಯ ಮೇಲೆ ಬಿಳಿ ಗಂಟು, ಗಂಟಿನ ಕೆಳಗೆ ಹಣೆಗೆ ಅಷ್ಟಗಲದ ಔಷಧದ ಪಟ್ಟಿ.

ತಟ್ಟಿತು, ಆಣೆ ತಟ್ಟಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ನಂದ ತಪ್ಪು," ಎಂದೆ. ಅಳು ತಡೆಯಲಾಗಲಿಲ್ಲ. "ಸಮುದ್ರದ ಮ್ಯಾಲ ಬಂದೆ. ದೋಣಿ ಹತ್ತಿದೆ. ಅದು ಆಕಾಶ ಅಲ್ಲ, ನೀರು. ಸಿಂಹದ ಎದುರಿಗೂ ಹೋದೆ. ನಾಲ್ಕು ಸಲ ಆಣಿ ಮುರದೆ. ನಿನ್ನ ತಲಿ ನಾನ ಒಡದೆ."

"ಏಳ್ರಿ ಮ್ಯಾಲ, ಮಂದಿ ನೋಡಾಕತ್ತಾರ," ಎಂದಳು. "ವಿಮಾನದಾಗ ಸಾಮಾನು ತಗಿಯಾಕ ಹೋದಾಗ ಮ್ಯಾಲಿನ ಬಾಗಲ ಬಡದದ. ಎಲ್ಲರಿಗೂ ಬಡೀತದ. ಅವರ ಗಂಡಂದಿರೆಲ್ಲ ಆಣಿ ಮುರದಾರೇನು?"

ನಾನು ಏಳಲಿಲ್ಲ. ಆಕೆ ಚೀಲ ಕೆಳಗಿಟ್ಟು ಎದುರಿಗೆ ಕೂತಳು.

"ಆಣಿ ಮಾಡಿದಾಗ ನನ್ನ ತಲಿ ಮ್ಯಾಲ ಏನಿತ್ತು, ನೆನಪು ಮಾಡಿಕೊಳ್ರಿ."

"ಸೆರಗು."

"ಸೆರಗಿನ ಮ್ಯಾಲ?"

ಕಣ್ಣು ಮುಚ್ಚಿ ನೆನೆದೆ. ಸ್ಟೇಷನ್ನು, ಗಾಡಿ, ಮುದುಕಿ. ಕೈ ಎತ್ತಿದೆ. ಬಹಳ ಮೇಲೆ ಎತ್ತಿದೆ. ಅಂಗೈಗೆ ತಾಗಿದ್ದು ಮೆತ್ತನೆಯ ಕೂದಲಲ್ಲ.

"ರೊಟ್ಟಿ ಗಂಟು," ಎಂದೆ.

"ಮತ್ತ ಆ ನಾಲ್ವತ್ತು ರೊಟ್ಟಿ ಏನಾದ್ವು?"

ಹೇಳಿದೆ. ಹತ್ತನ್ನು ಮುರಿದರು, ಹನ್ನೆರಡನ್ನು ಆಡು ತಿಂದಿತು, ಎಂಟನ್ನು ಕಾಗೆ ಒಯ್ದವು, ಒಂದು ಸಾಹುಕಾರರ ಬಾಯಲ್ಲಿ ನೆನೆಯಿತು, ಒಂಬತ್ತು ಅವರ ಕೆಳಗೆ ಹಿಟ್ಟಾದವು. ನನಗೆ ದಕ್ಕಿದ್ದು ತಪಾಸಣೆಯಲ್ಲಿ ಕೆಮ್ಮುತ್ತ ತಿಂದ ಒಂದು ತುಂಡು.

"ನೀವು ಯಾವಾಗ ಯಾವಾಗ ಮುರದೀರಿ, ಆವಾಗೆಲ್ಲ ನೀವು ಕೈ ಇಟ್ಟಿದ್ದ ರೊಟ್ಟಿಗೇ ತಟ್ಟೇದ. ಅದಕ್ಕ ದಿನಾ ರೊಟ್ಟಿ ಎಷ್ಟು ಉಳದಾವ ಅಂತ ಕೇಳ್ತಿದ್ದೆ. ನೀವು ಆಕಾಶ ಅಂದ್ರ ನನಗ ಗೊತ್ತಾಗಂಗಿಲ್ಲೇನು?"

"ಹಂಗಾದ್ರ ಬೇಕಂತ..."

"ಬೇಕಂತ ಗಂಟು ಇಳಸಲಿಲ್ಲ. ಸಾವ್ಕಾರ್ರು ಬಾ ಅಂದ್ರ ನೀವು ಇಲ್ಲ ಅನ್ನಂಗಿಲ್ಲ. ಆಣಿ ನಿಮ್ಮ ಕಡಿಂದ ಉಳಿಯಂಗಿಲ್ಲ ಅಂತ ಗೊತ್ತಿತ್ತು. ಆದ್ರ ಆಣಿ ಇಲ್ಲ ಅಂದ್ರ ನೀವು ಹುಷಾರಿರಂಗಿಲ್ಲ. ರೊಟ್ಟಿ ಹೋದ್ರ ಮತ್ತ ಬಡೀತೀನಿ. ನೀವು ಹೋದ್ರ?" ಆಕೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಂಜುಬುರುಕ ನಾನೊಬ್ಬನೇ ಅಲ್ಲ ಎಂದು ನನಗೆ ಆಗ ತಿಳಿಯಿತು.

ಇಷ್ಟು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಎದ್ದೆ. ಆಕೆ ಹೊಸ ಗಂಟನ್ನು ನನ್ನ ಕೈಗೆ ಕೊಟ್ಟಳು. ತಪಾಸಣೆಯವರಿಗೆ ಮೊದಲೇ ಒಂದೊಂದು ರೊಟ್ಟಿ ಚಟ್ನಿ ಹಚ್ಚಿ ಕೊಟ್ಟಿದ್ದಳಂತೆ, ಯಾರೂ ಏನೂ ಮುರಿದಿರಲಿಲ್ಲ. ನಾನು ಗಂಟು ತಲೆಯ ಮೇಲಿಟ್ಟುಕೊಂಡು ಎರಡೂ ಚೀಲ ಹಿಡಿದು ಜೀಪಿನ ಕಡೆ ನಡೆದೆ.

ಡ್ರೈವರು ಉತ್ಸಾಹದಿಂದ, "ಅಮ್ಮಾವರಿಗೆ ಏನೇನು ತೋರಿಸೋಣ? ಸರೋವರ? ಸಿಂಹ? ಗೊರೊಂಗೊರೊ ಎಂಬ ಗುಡ್ಡವಿದೆ. ಬೆಂಕಿ ಉಗುಳಿ ಆರಿದ್ದು. ಅದರ ಹೊಟ್ಟೆಯೊಳಗೆ ಆನೆ, ಘೇಂಡಾಮೃಗ ಎಲ್ಲ ಇವೆ," ಎಂದ. ನಾನು ಬೇಡ ಬೇಡ ಎನ್ನುತ್ತಲೇ ಅವನ ಹಿಂದಿಯನ್ನು ಆಕೆಗೆ ಕನ್ನಡದಲ್ಲಿ ಹೇಳಿದೆ.

"ಎಲ್ಲಾ ನೋಡೋಣು," ಎಂದಳು. "ಮೊದಲ ದೋಣಿ."

"ನೀನು? ದೋಣಿ? ಅಂಜಿಕಿ ಇಲ್ಲೇನು?"

"ಅದ. ಅಂಜಿಕಿ ಅದ ಅಂತ ಮನಿಯಾಗ ಕೂಡಬೇಕೇನು? ನಮ್ಮಪ್ಪ ಎಂಟು ಬೆರಳ ತಗೊಂಡು ಇನ್ನೂ ಹೊಳಿಗಿ ಹೋಗ್ತಾನ."

ಇಳಿದ ಕಲ್ಲು ಮತ್ತೆ ಎದೆಯ ಮೇಲೆ ಬಂದು ಕೂತಿತು. ಜೀಪಿನ ಬಾಗಿಲಿಗೆ ಅಡ್ಡ ನಿಂತೆ. "ಹಂಗಾದ್ರ ನೀನೂ ಆಣಿ ಮಾಡು. ಬಗ್ಗಿ ನೋಡಂಗಿಲ್ಲ, ನೀರಾಗ ಕೈ ಬಿಡಂಗಿಲ್ಲ ಅಂತ. ನನ್ನ ತಲಿ ಮ್ಯಾಲ ಕೈ ಇಟ್ಟು ಮಾಡು."

ಆಕೆ ಒಂದು ಮಾತೂ ಎದುರಾಡಲಿಲ್ಲ. ತುದಿಗಾಲಲ್ಲಿ ನಿಂತು, ಕೈ ಉದ್ದಕ್ಕೆ ಚಾಚಿ ಇಟ್ಟು, "ಬಗ್ಗಿ ನೋಡಂಗಿಲ್ಲ, ನೀರಾಗ ಕೈ ಬಿಡಂಗಿಲ್ಲ," ಎಂದು ಸ್ಪಷ್ಟವಾಗಿ ಆಣೆ ಮಾಡಿದಳು. ಇಷ್ಟು ಸುಲಭಕ್ಕೆ ಒಪ್ಪಿದಳಲ್ಲ, ನನ್ನ ಮಾತಿಗೂ ಬೆಲೆ ಬಂತು ಎಂದು ಹೆಮ್ಮೆಯಿಂದ ಜೀಪು ಹತ್ತಲು ಹೋದೆ.

ತಲೆಯ ಮೇಲಿದ್ದದ್ದು ಬಾಗಿಲ ಪಟ್ಟಿಗೆ ಬಡಿಯಿತು. ಕಟುಂ ಎಂದಿತು.

ಹಾಗೆಯೇ ನಿಂತೆ. ಆಕೆ ಆಗಲೇ ಇನ್ನೊಂದು ಬಾಗಿಲಿನಿಂದ ಹತ್ತಿ, ಕಿಟಕಿಯಿಂದ ಸರೋವರದ ಕಡೆಗೆ ಬಗ್ಗಿ ನೋಡುತ್ತಿದ್ದಳು. ತಿರುಗದೆಯೇ ಕೇಳಿದಳು:

"ಎಷ್ಟು ಉಳದಾವ್ರಿ?"